ಬಾಗಿಲ ಕೆಳಗಿನ ಹೊಗೆ ಪೈಪು

ನಮ್ಮನೆಯವರಿಗೆ ಕಿವಿ ಮಂದವಾಗುತ್ತಿದೆ ಎಂದು ನನಗೆ ಗೊತ್ತಾಗಿದ್ದು ಕುಕ್ಕರಿನಿಂದ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ಮದುವೆಯ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಸೀಟಿ ಕೂಗಿದ ಮೇಲೆ ಒಲೆ ಆರಿಸಿ ಎಂದು ಅವರಿಗೆ ಹೇಳಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲೇ ಪೇಪರ್ ಹಿಡಿದು ಕೂತಿದ್ದರು. ಕುಕ್ಕರು ಕೂಗಿತು, ಮತ್ತೆ ಕೂಗಿತು, ಕೂಗುತ್ತಲೇ ಇತ್ತು. ನಾನು ಎದ್ದು ಬರುವಷ್ಟರಲ್ಲಿ ಅವರು ಮೂಗೆತ್ತಿ, "ಏನೋ ಸೀದಂಗೈತಲ್ಲೇ, ನೋಡು" ಅಂದರು.

ನಾನು ಒಲೆ ಆರಿಸಿದೆ. ಅವರ ಮುಖ ನೋಡಿದರೆ, ನಾನು ಏನೂ ಪ್ರಶ್ನೆ ಮಾಡದೆ ಇರಲಿ ಎನ್ನುವ ಹಾಗಿತ್ತು.

ನಮ್ಮೂರು ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅವರು ಹುಡುಗುತನ ಕಳೆದಾಗಿನಿಂದ ಕಲ್ಲು ಕ್ವಾರಿಗಳಲ್ಲಿ ಮೆಕ್ಯಾನಿಕ್ಕು. ನಮ್ಮೂರಿನ ಸುತ್ತ, ಕನಕಪುರದ ಕಡೆ, ಎಲ್ಲಿ ಬಂಡೆ ಕೊರೆಯುತ್ತಾರೋ ಅಲ್ಲಿನ ಕಂಪ್ರೆಸರ್ ಕೆಟ್ಟರೆ ಇವರಿಗೆ ಹೇಳಿಕಳಿಸುತ್ತಿದ್ದರು. ಗಾಳಿಯ ಒತ್ತಡದಲ್ಲಿ ಡ್ರಿಲ್ಲು ಬಂಡೆಯೊಳಗೆ ಇಳಿಯುವಾಗ ಆಗುವ ಸದ್ದನ್ನು ನಾನು ಒಮ್ಮೆ ಊಟ ಕೊಡಲು ಹೋದಾಗ ಕೇಳಿದ್ದೇನೆ. ನನ್ನ ಹಲ್ಲೆಲ್ಲ ಜುಮ್ಮೆಂದಿತ್ತು. ಇವರು ಆ ಸದ್ದಿನ ಮಧ್ಯೆ ನಿಂತು, ಎಂಜಿನ್ನಿಗೆ ಕಿವಿಯಿಟ್ಟು, "ವಾಲ್ವ್ ಸುಟ್ಟೋಗೈತೆ, ಹೆಡ್ ಬಿಚ್ಚಿ" ಎಂದು ಹೇಳುತ್ತಿದ್ದರು. ಮೈಸೂರು ರೋಡಿನಲ್ಲಿ ಹೋಗುವ ಲಾರಿಯ ಸದ್ದು ಮನೆಯೊಳಗಿಂದ ಕೇಳಿ, ಇದರ ಟ್ಯಾಪೆಟ್ ಲೂಸಾಗಿದೆ, ಇದು ಚನ್ನಪಟ್ಟಣದ ತನಕ ಹೋಗಲ್ಲ ಎಂದು ಊಟದ ನಡುವೆ ಹೇಳಿ ನನ್ನನ್ನು ನಗಿಸುತ್ತಿದ್ದರು. ಎಂಜಿನ್ನಿನ ರೋಗ ತಿಳಿಯಲು ಅವರಿಗೆ ಕೈಗಿಂತ ಕಿವಿಯೇ ಮುಖ್ಯವಾಗಿತ್ತು.

ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯೊಳಗಿನ ನರ ಸತ್ತಿದೆ, ಉಳಿದಿದ್ದೂ ಹೋಗುತ್ತದೆ, ಸದ್ದಿನ ಕೆಲಸ ಬಿಟ್ಟುಬಿಡಿ ಅಂದರು. ಕಿವಿಗೆ ಹಾಕುವ ಮಿಷನ್ನು ಕೊಟ್ಟರು. ಅದನ್ನು ಹಾಕಿಕೊಂಡರೆ ಪಾತ್ರೆ ಸದ್ದು, ಗಾಳಿ ಸದ್ದು, ನನ್ನ ಮಾತು ಎಲ್ಲ ಒಂದೇ ಗೊರಗೊರ ಆಗುತ್ತದಂತೆ. "ಜೇನುಗೂಡಿನೊಳಗೆ ತಲೆ ತೂರಿಸ್ದಂಗಾಯ್ತದೆ" ಎಂದು ತೆಗೆದಿಟ್ಟರು. ಕ್ವಾರಿಗೆ ಹೋಗುವುದನ್ನೂ ನಿಲ್ಲಿಸಿದರು.

ನಮ್ಮ ಹಿತ್ತಲಿನ ಹೊಂಗೆ ಮರದ ಕೆಳಗೆ ನಮ್ಮ ಮಾವನವರ ಕಾರು ನಿಂತಿತ್ತು. ಮಾವ ಅದನ್ನು ಟ್ಯಾಕ್ಸಿ ಮಾಡಿ ಮಾಗಡಿಗೂ ಕನಕಪುರಕ್ಕೂ ಓಡಿಸುತ್ತಿದ್ದರು. ದುಂಡು ದೀಪದ, ದಪ್ಪ ಬೆನ್ನಿನ ಕಾರು. ನಾನು ಮದುವೆಯಾಗಿ ಈ ಮನೆಗೆ ಬಂದಿದ್ದೂ ಅದರಲ್ಲೇ. ಮಾವ ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕೈಹಚ್ಚಿರಲಿಲ್ಲ. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ಕ್ವಾರಿ ಬಿಟ್ಟ ಕೆಲವೇ ದಿನಕ್ಕೆ ಇವರು ಕೋಳಿಗಳನ್ನು ಓಡಿಸಿ, ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಒಳಗೆ ನೋಡುತ್ತಾ ನಿಂತರು. ಸಂಜೆಯ ಹೊತ್ತಿಗೆ ರೇಡಿಯೇಟರ್ ಬಿಚ್ಚಿ ಕಟ್ಟೆಯ ಮೇಲಿಟ್ಟಿದ್ದರು.

ಎಂಜಿನ್ನು ಇಳಿಸಿ ಮತ್ತೆ ಕೂರಿಸುವ ತನಕದ ಕೆಲಸವೆಲ್ಲ ಅವರೇ ಮಾಡಿಕೊಂಡರು. ಪಿಸ್ಟನ್ನು, ಬೇರಿಂಗು, ಬ್ರೇಕು, ತುಕ್ಕು ಹಿಡಿದ ನೆಲದ ತಗಡು, ಎಲ್ಲ. ನಾನು ಸೀಟಿಗೆ ಹೊಸ ರೆಕ್ಸಿನ್ ಹೊಲಿದೆ. ಕೊನೆಗೆ ಉಳಿದಿದ್ದು ಹೊಗೆಯ ದಾರಿ. ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿರುವ ಎರಕದ ಕಬ್ಬಿಣದ ಮ್ಯಾನಿಫೋಲ್ಡು ಸೀಳುಬಿಟ್ಟಿತ್ತು. ಅಲ್ಲಿಂದ ಹಿಂದಕ್ಕೆ ಹೋಗುವ ಪೈಪು ಮುಟ್ಟಿದರೆ ಪುಡಿಯಾಗುತ್ತಿತ್ತು.

ಇದಕ್ಕೆ ಅವರು ತಮ್ಮ ಹಳೇ ಸ್ನೇಹಿತರೊಬ್ಬರನ್ನು ಕರೆದರು. ಅವರು ಊರಿನ ರೇಷ್ಮೆ ಗೂಡಿನ ನೂಲು ಬಿಚ್ಚಾಣಿಕೆ ಮನೆಗಳ ಬಾಯ್ಲರುಗಳಿಗೆ ವೆಲ್ಡಿಂಗ್ ಮಾಡುವವರು. ಇವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತು, ಒಟ್ಟಿಗೇ ಬಿಟ್ಟವರು. ನಮ್ಮ ಮನೆಯಲ್ಲಿ ನಾವೆಲ್ಲ ಅವರನ್ನು ಸಾಬರು ಎನ್ನುತ್ತಿದ್ದೆವು. ಅವರು ನನ್ನನ್ನು ಭಾಬಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು.

ಸಾಬರು ಕಾರಿನ ಕೆಳಗೆ ತೂರಿ ನೋಡಿ ಹೊರಬಂದು, "ಹಳೇ ಥರಾನೇ ಹಿಂದುಗಡೆ ಒಂದು ಪೈಪ್ ಎಳೆದುಬಿಡ್ತೀನಿ, ಒಂದು ದಿನದ ಕೆಲ್ಸ" ಅಂದರು.

"ಹಿಂದ್ಗಡೆ ಬ್ಯಾಡ ಕಣ್ಲಾ" ಅಂದರು ಇವರು. "ಪಕ್ಕಕ್ಕೆ ಬರ್ಲಿ. ನನ್ನ ಬಾಗ್ಲು ಕೆಳೀಕೆ ಬರ್ಬೇಕು. ಈ ಎರಕದ್ದೂ ಬ್ಯಾಡ. ಎಂಜಿನ್ನಿನ ಒಂದೊಂದು ಬಾಯಿಗೂ ಒಂದೊಂದು ಪೈಪು, ಹೆಡ್ಡರ್ ಮಾಡನ."

"ಊರವರು ಕಲ್ಲು ಹೊಡೀತಾರೆ. ಅಷ್ಟು ಸದ್ದು ಬರುತ್ತೆ."

"ಅದಕ್ಕೇ ಕಣ್ಲಾ ಕೇಳ್ತಿರೋದು" ಅಂದರು ಇವರು.

ಸಾಬರಿಗೂ ವಿಷಯ ಆಗ ಅರ್ಥವಾಯಿತು. ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕಡ್ಡಿಯಿಂದ ಪೈಪಿನ ದಾರಿ ಗೀಚಲು ಶುರುಮಾಡಿದರು.

ಈ ಆಸೆ ಇವರಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಮದುವೆಗೆ ಮುಂಚೆ, ನಮ್ಮೂರಿನ ಬೆಟ್ಟದ ಬುಡದಲ್ಲಿ ಸಿನಿಮಾದವರು ಬಂದು ಇಳಿದಿದ್ದಾಗ, ಅವರ ಕಾರೊಂದು ಕೆಟ್ಟು ಇವರನ್ನು ಕರೆಸಿದ್ದರಂತೆ. ಬಾಗಿಲ ಕೆಳಗೆ ಎರಡೂ ಕಡೆ ಬೆಳ್ಳಿಯಂಥ ಪೈಪು ಇದ್ದ ಕಾರು. ಇವರು ಸರಿಮಾಡಿ ಚಾಲೂ ಮಾಡಿದಾಗ ಅದರ ಸದ್ದು ಬಂಡೆಗೆ ತಾಗಿ ತಿರುಗಿ ಬಂತಂತೆ. ಮದುವೆಯಾದ ಹೊಸದರಲ್ಲಿ ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಅತ್ತೆ ಒಳಗಿಂದ, "ಅದ್ಯಾಕ್ಲಾ ಎಮ್ಮೆ ಥರ ಕೂಗ್ತೀಯ" ಎಂದು ಬೈಯುತ್ತಿದ್ದರು.

ಎಂಜಿನ್ನಿಗೆ ಸಿಲಿಂಡರ್ ನಾಲ್ಕಾದರೂ ಹೊಗೆ ಬರುವ ಬಾಯಿ ಮೂರೇ ಇದ್ದವು. ನಡುವಿನ ಎರಡು ಸಿಲಿಂಡರು ಒಂದೇ ಬಾಯಿ ಹಂಚಿಕೊಂಡಿದ್ದವು. ಆ ಮೂರೂ ಇದ್ದಿದ್ದು ಎಂಜಿನ್ನಿನ ಎಡಕ್ಕೆ. ಇವರು ಸ್ಟೇರಿಂಗ್ ಹಿಡಿದು ಕೂರುವುದು ಬಲಕ್ಕೆ. ಆದ್ದರಿಂದ ಪೈಪು ಗೇರ್‌ಬಾಕ್ಸಿನ ಕೆಳಗೆ ಹಾದು ಈ ಕಡೆಗೆ ಬರಬೇಕಿತ್ತು. ಸಾಬರು, "ಹ್ಯಾಗೂ ಎಡಗಡೆ ಹುಟ್ಟುತ್ತಲ್ಲ, ಆ ಕಡೆಗೇ ಬಿಟ್ಟರೆ ಸಲೀಸು" ಅಂದರು. ಅದನ್ನು ಸಾಬರು ಎರಡು ಸಲ ಹೇಳಬೇಕಾಯಿತು. ಇವರು ಯೋಚಿಸಿ, "ಎರಡು ಕಡೀಕೂ ಬುಡು. ಎಡಗಡೆ ಇವಳು ಕೂರ್ತಾಳೆ. ಇವಳ್ಗೂ ಕೇಳ್ಲಿ" ಎಂದು ನನ್ನ ಕಡೆ ನೋಡಿ ನಕ್ಕರು.

ನನಗೆ ಕಾರಿನ ಸದ್ದು ಕೇಳುವ ಆಸೆ ಯಾವತ್ತೂ ಇರಲಿಲ್ಲ. ಆದರೆ ಆ ದಿನಗಳಲ್ಲಿ ನಾನು ಕತ್ತರಿ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಮನೆಯೊಳಗೆ ಇದ್ದರೆ ನಾನು ಕೂಗಿ ಹೇಳಬೇಕು, ಅವರು ಕೇಳಿಸಿದಂತೆ ತಲೆಯಾಡಿಸಬೇಕು. ಹಿತ್ತಲಲ್ಲಿ ಆ ತೊಂದರೆ ಇರಲಿಲ್ಲ. ಕೈ ಚಾಚಿದರೆ ಸ್ಪ್ಯಾನರ್ ಕೊಡಬೇಕು, ಅಷ್ಟೆ.

ಮ್ಯಾನಿಫೋಲ್ಡನ್ನು ಹಿಡಿದಿದ್ದ ಬೋಲ್ಟುಗಳು ಎಂಜಿನ್ನಿಗೆ ಬೆಸೆದುಕೊಂಡ ಹಾಗಿದ್ದವು. ಸೀಮೆಎಣ್ಣೆ ಬಿಟ್ಟು, ಕಾಯಿಸಿ, ಮೆಲ್ಲಗೆ ತಟ್ಟಿ, ಮತ್ತೆ ಎಣ್ಣೆ ಬಿಟ್ಟರು. ಒಂದು ತುಂಡಾಯಿತು. ಅದು ತುಂಡಾದಾಗ ಟಕ್ಕೆಂದು ಸದ್ದಾಗಿ ನಾನು ಅಯ್ಯೋ ಅಂದೆ. ಅವರು ಇನ್ನೂ ಸ್ಪ್ಯಾನರ್ ತಿರುಗಿಸುತ್ತಲೇ ಇದ್ದರು. ಕೈಗೆ ಹಗುರಾದ ಮೇಲೆ ಗೊತ್ತಾಗಿ ನಿಲ್ಲಿಸಿದರು. ಮುರಿದ ತುಂಡನ್ನು ಕೊರೆದು ತೆಗೆದಿದ್ದಾಯಿತು. ಮೂರು ಬಾಯಿಗೂ ಹೊಂದುವ ಕಬ್ಬಿಣದ ಪಟ್ಟಿ ಮಾಡಲು ಅಳತೆ ಬೇಕಿತ್ತು. ಇವರು ರಟ್ಟಿನ ಮೇಲೆ ಬರೆದು ಕತ್ತರಿಸಲು ಹೋಗಿ ಕೆಡಿಸಿದರು. ನಾನು ಪೇಪರನ್ನು ಎಂಜಿನ್ನಿಗೆ ಒತ್ತಿ ಹಿಡಿದು, ಬೆರಳಿಗೆ ಮಸಿ ಹಚ್ಚಿ ಅಂಚಿನುದ್ದಕ್ಕೂ ತಿಕ್ಕಿದೆ. ರವಿಕೆಗೆ ಕಂಕುಳ ಸುತ್ತು ಗುರುತು ಮಾಡುವ ಹಾಗೇ. ಆ ಗುರುತಿನ ಮೇಲೆ ಕತ್ತರಿಸಿದ್ದು ಸರಿಯಾಗಿ ಕೂತಿತು.

"ಭಾಬಿ, ನೀವು ನಮ್ಮ ಅಂಗಡಿಗೆ ಬಂದುಬಿಡಿ" ಅಂದರು ಸಾಬರು.

ನಾನು ನಕ್ಕೆ. ಇವರು ನಮ್ಮಿಬ್ಬರ ಬಾಯಿ ನೋಡಿ, ಯಾವುದಕ್ಕೆ ನಗುತ್ತಿದ್ದೇವೆಂದು ತಿಳಿಯದೆ, ತಾವೂ ನಕ್ಕರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಫಿ ಮಾಡುತ್ತೇನೆಂದು ಒಳಗೆ ಹೋದೆ.

ಪೈಪು ಬಗ್ಗಿಸುವ ಕೆಲಸ ನೋಡಲು ಚೆಂದವಿತ್ತು. ಬರೀ ಪೈಪನ್ನು ಬಗ್ಗಿಸಿದರೆ ಮಡಿಕೆ ಬಿದ್ದು ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅರ್ಕಾವತಿಯ ಮರಳನ್ನು ಬಾಣಲೆಯಲ್ಲಿ ಹುರಿದು ತೇವ ತೆಗೆದು, ಪೈಪಿನೊಳಗೆ ಗಟ್ಟಿಯಾಗಿ ತುಂಬಬೇಕು. ಎರಡು ತುದಿಗೂ ಹೊಡೆಯಲು ಸಾಬರು ಚನ್ನಪಟ್ಟಣದ ಬೊಂಬೆ ಮಾಡುವ ನೆಂಟರಿಂದ ಕಡೆದ ಮರದ ಬೆಣೆ ತಂದಿದ್ದರು. ಆಮೇಲೆ ಗ್ಯಾಸಿನ ಉರಿಯಲ್ಲಿ ಪೈಪು ಕೆಂಡವಾಗುವ ತನಕ ಕಾಯಿಸಿ, ಹೊಂಗೆಯ ಕವೆಗೆ ಸಿಕ್ಕಿಸಿ ಇಬ್ಬರೂ ಎಳೆಯುತ್ತಿದ್ದರು. ಒಂದೊಂದು ಬಾಗನ್ನೂ ಎಂಜಿನ್ನಿಗೆ ಹಿಡಿದು ನೋಡುವುದು, ಚಾಸಿಗೆ ತಾಗಿದರೆ ಮತ್ತೆ ಕಾಯಿಸುವುದು. ಮೂರು ಪೈಪೂ ಒಂದು ಕಡೆ ಸೇರಿ, ಅಲ್ಲಿಂದ ಎರಡಾಗಿ, ಒಂದು ಎಡಬಾಗಿಲ ಕೆಳಗೆ, ಇನ್ನೊಂದು ಗೇರ್‌ಬಾಕ್ಸಿನ ಅಡಿಯಿಂದ ಬಲಬಾಗಿಲ ಕೆಳಗೆ. ಅಲ್ಲಲ್ಲಿ ಚುಕ್ಕಿಯಷ್ಟು ವೆಲ್ಡಿಂಗ್ ಹಚ್ಚಿ ನಿಲ್ಲಿಸಿ, ಎಲ್ಲ ಸರಿಯಿದೆಯೆಂದು ಕಂಡ ಮೇಲೆ ಬಿಚ್ಚಿ ತೆಗೆದು ಸಾಬರು ತಮ್ಮ ಅಂಗಡಿಯಲ್ಲಿ ಪೂರಾ ವೆಲ್ಡ್ ಮಾಡಿಕೊಂಡು ಬಂದರು.

ಈ ನಡುವೆ ಕುದೂರಿಗೆ ಕೊಟ್ಟಿದ್ದ ನಮ್ಮ ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಹೆರಿಗೆಯಾದಾಗ ಇವರು ಕೂಸನ್ನು ಎತ್ತಿಕೊಂಡು, ಅದರ ಅಳು ಕೇಳಿ, "ಹಾರ್ನ್ ಚೆನ್ನಾಗೈತೆ" ಎಂದು ಎಲ್ಲರನ್ನೂ ನಗಿಸಿದ್ದರು. ಈಗ ಕೂಸು ಅವರ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿ ಅಳುತ್ತಿತ್ತು. ಅವರು ಅದಕ್ಕೆ ಬೆನ್ನು ಮಾಡಿಕೊಂಡು ಎಂಜಿನ್ನಿಗಂಟಿದ್ದ ಹಳೇ ಗ್ಯಾಸ್ಕೆಟ್ ಉಜ್ಜಿ ತೆಗೆಯುತ್ತಿದ್ದರು. ಮಗಳು ಬಚ್ಚಲಿಂದ ಓಡಿಬಂದು, "ಅಪ್ಪಾ, ಒಸಿ ಎತ್ಕೊಳ್ಳಾದಲ್ವಾ?" ಎಂದು ಕೂಗಿ, ಆಮೇಲೆ ನನ್ನ ಮುಖ ನೋಡಿದಳು. ಅಷ್ಟು ಹದಗೆಟ್ಟಿದೆಯೆಂದು ನಾನು ಅವಳಿಗೆ ಹೇಳಿರಲಿಲ್ಲ. ಅವಳು ಕೂಸನ್ನು ಎದೆಗೊತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇವರು ತಿರುಗಿ ನೋಡಿ, "ಎದ್ದುಬುಡ್ತಾ ಮಗ? ನನ್ ಕೈಲಿ ಎಣ್ಣೆ, ಇರು ತೊಳ್ಕೊಂಡ್ ಬತ್ತೀನಿ" ಅಂದರು.

ಪೈಪುಗಳನ್ನು ಜೋಡಿಸಿ ಬಿಗಿಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಇಟ್ಟು, ಹೆಡ್ಡರನ್ನು ಎಂಜಿನ್ನಿಗೆ ಒತ್ತಿ ಹಿಡಿದವಳು ನಾನೇ. ಇವರು ಒಂದೊಂದೇ ನಟ್ಟನ್ನು ಸ್ವಲ್ಪ ಸ್ವಲ್ಪವೇ, ಮಧ್ಯದಿಂದ ಅಂಚಿಗೆ ಬಿಗಿಮಾಡುತ್ತಾ ಹೋದರು. ಕೆಳಗೆ ಸಾಬರು ಕ್ಲಾಂಪು ಹಾಕಿದರು. ಸದ್ದು ತಗ್ಗಿಸಲು ಎರಡು ಸಣ್ಣ ಸೈಲೆನ್ಸರ್ ಕೂಡಿಸುತ್ತೇನೆಂದು ಅವರು ತಂದಿದ್ದರು. ಇವರು ಬೇಡ ಅಂದರು. ಸಾಬರು ವಾದ ಮಾಡದೆ ಅವನ್ನು ಗೋಣಿಚೀಲಕ್ಕೆ ಹಾಕಿಟ್ಟರು.

ಮಗಳು ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಇವರು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬಂದು, ಕಾರಿಗೆ ಊದುಬತ್ತಿ ಬೆಳಗಿ ಒಳಗೆ ಕೂತರು. ಸಾಬರು ಕಾರ್ಬೊರೇಟರಿಗೆ ಒಂದಿಷ್ಟು ಪೆಟ್ರೋಲು ಹೊಯ್ದು ಕೈಯೆತ್ತಿ ತೋರಿಸಿದರು. ಇವರು ಸ್ಟಾರ್ಟರ್ ಗುಂಡಿ ಒತ್ತಿದರು.

ಎಂಜಿನ್ನು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಒಮ್ಮೆಲೇ ಹತ್ತಿಕೊಂಡಿತು. ಅಂಥ ಸದ್ದನ್ನು ನಾನು ಕೇಳಿಯೇ ಇರಲಿಲ್ಲ. ಎದೆಗೆ ಬಂದು ಗುದ್ದುತ್ತಿತ್ತು. ಕೋಳಿಗಳು ಗೋಡೆ ಹಾರಿದವು. ಬಾಗಿಲ ಕೆಳಗಿನ ಧೂಳು ಎದ್ದು ಎರಡೂ ಕಡೆ ಹರಡಿತು. ಕೂಸು ಕಿರುಚಿ ಅಳತೊಡಗಿತು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ, "ಏನ್ ಬಂತವ್ವೋ" ಎಂದು ಕೂಗಿದ್ದು ಕೇಳಿಸಿತು.

ಇವರು ಮಾತ್ರ ಇನ್ನೂ ಗುಂಡಿ ಒತ್ತಿಯೇ ಇದ್ದರು. ಕಣ್ಣು ಮುಚ್ಚಿಕೊಂಡು, ತಲೆಯನ್ನು ಬಾಗಿಲ ಕಡೆ ವಾಲಿಸಿ, ಒತ್ತುತ್ತಲೇ ಇದ್ದರು. ಓಡುತ್ತಿದ್ದ ಎಂಜಿನ್ನಿಗೆ ಸ್ಟಾರ್ಟರ್ ತಾಗಿ ಕಬ್ಬಿಣ ಕಬ್ಬಿಣವನ್ನು ಕರಕರ ಕಡಿಯುತ್ತಿತ್ತು.

"ಬಿಡೋ! ಆಯ್ತು, ಹತ್ಕೊಂಡ್ತು!" ಎಂದು ಸಾಬರು ಕೂಗಿದರು. ಆಮೇಲೆ ಓಡಿಹೋಗಿ, ಕಿಟಕಿಯೊಳಗೆ ಕೈಹಾಕಿ ಇವರ ಕೈ ಹಿಡಿದುಕೊಂಡರು.

ಇವರು ಕಣ್ಣು ಬಿಟ್ಟು, "ಯಾಕ್ಲಾ? ಇನ್ನೊಂದ್ಸಲ ನೋಡ್ತೀನಿ ಇರು" ಅಂದರು.

ಸಾಬರು ಹಿಡಿದ ಕೈ ಬಿಡಲಿಲ್ಲ. ಆಗ ಇವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಹೌದು, ಹತ್ತಿಕೊಂಡಿದೆ ಎಂದು. ಅವರು ಸ್ಟೇರಿಂಗಿನ ಮೇಲೆ ಅಂಗೈ ಇಟ್ಟರು. ಸ್ಟೇರಿಂಗು ಎಂಜಿನ್ನಿನ ಜೊತೆ ಅದುರುತ್ತಿತ್ತು. ಅವರ ಮುಖದಲ್ಲಿ ಮೊದಲು ಸಂತೋಷವೇ ಬಂದಿದ್ದು. ಎಂಜಿನ್ನು ಎದ್ದಿದೆಯೆಂದು. ಅದು ಹೋಗಿದ್ದೂ ನಾನು ನೋಡುತ್ತಿರುವಾಗಲೇ.

ಇಳಿದು ಬಂದರು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ಕ್ವಾರಿಯಲ್ಲಿ ರೋಗ ಕಂಡುಹಿಡಿಯುತ್ತಿದ್ದದ್ದು ಹಾಗೇ. ಜಾಗ ಬದಲಿಸಿದರು, ಆ ಕಿವಿಯಿಂದ ಈ ಕಿವಿಗೆ ಬದಲಿಸಿದರು. ಕೊನೆಗೆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಿಂತರು. ಸಾಬರು ಮುಖ ತಿರುಗಿಸಿಕೊಂಡು ಹೊಂಗೆ ಮರದ ಆಚೆಗೆ ಹೋದರು. ಮಗಳು ಕೂಸನ್ನು ಒಳಗೆ ಎತ್ತಿಕೊಂಡು ಹೋದಳು. ಅವರು ಸ್ಕ್ರೂಡ್ರೈವರ್ ಬಾಯಿಂದ ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಎಂಜಿನ್ ಆಫ್ ಮಾಡಿದರು.

"ಚೆನ್ನಾಗೈತಾ?" ಎಂದು ನನ್ನನ್ನು ಕೇಳಿದರು.

"ಚೆನ್ನಾಗಿದೆ" ಅಂದೆ. ನಿಧಾನವಾಗಿ, ತುಟಿ ಕಾಣುವ ಹಾಗೆ.

"ಬಂಡೆಗೆ ಹೊಡ್ದು ಬತ್ತಿತ್ತಲ್ಲ, ಅಂಗಾ?"

ನಾನು ಆ ಸದ್ದನ್ನು ಕೇಳಿದವಳಲ್ಲ. ಆದರೂ ಹಾಗೇ ಇದೆ ಅಂದೆ.

ಮಾರನೇ ದಿನ ಬೆಳಿಗ್ಗೆ ಕೆಂಗಲ್ ಹನುಮಂತರಾಯನಿಗೆ ಕಾಯಿ ಒಡೆಸಿಕೊಂಡು ಬರೋಣವೆಂದು ಅವರೇ ಹೇಳಿದರು. ನಾನು ಎಡಗಡೆ ಕೂತೆ. ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಅವರು ಚೆನ್ನಾಗಿಯೇ ಓಡಿಸಿದರು. ಗೇರು ಬದಲಿಸಲು ಅವರಿಗೆ ಕಾಲಿಗೆ ಬರುವ ನಡುಕವೇ ಸಾಕಾಗಿತ್ತು. ಊರು ದಾಟಿದ ಮೇಲೆ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಬಂತು. ನಮ್ಮ ಪೈಪಿನ ಸದ್ದಿನಲ್ಲಿ ನನಗೇ ಅದು ತಡವಾಗಿ ಕೇಳಿಸಿತು. ಇವರು ಎತ್ತಿನ ಗಾಡಿಯೊಂದನ್ನು ತಪ್ಪಿಸಲು ಬಲಕ್ಕೆ ತಿರುಗಿಸಿದರು. ನಾನು ಕೂಗಿದೆ. ಕೂಗಿ ಪ್ರಯೋಜನವಿಲ್ಲವೆಂದು ಸ್ಟೇರಿಂಗಿಗೇ ಕೈಹಾಕಿ ಎಳೆದೆ. ಲಾರಿ ನಮ್ಮ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು.

ರಸ್ತೆ ಪಕ್ಕಕ್ಕೆ ಇಳಿಸಿ ನಿಲ್ಲಿಸಿದರು. ಎಂಜಿನ್ ಆಫ್ ಮಾಡಿದರು. ಹೊಲದಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ಎದ್ದುನಿಂತು ನೋಡಿ ಮತ್ತೆ ಬಗ್ಗಿದರು.

"ಒಂದ್ ವಿಷ್ಯ ಹೇಳ್ತೀನಿ" ಅಂದರು. ಅವರ ದನಿ ಆಗಲೇ ಒಂದು ಥರ ಚಪ್ಪಟೆಯಾಗಿಬಿಟ್ಟಿತ್ತು. "ಕಾರು ಕೇಳ್ದೆ ಇದ್ರೆ ಓಗ್ಲಿ ಕಣಮ್ಮಿ. ನಿನ್ ದನಿ ಕಡೇ ಸಲ ಕೇಳಿಸ್ದಾಗ ಅದೇ ಕಡೇದು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಗೊತ್ತಾಗಿದ್ರೆ ಸರಿಯಾಗಿ ಕೇಳಿಸ್ಕೊಂಡಿರ್ತಿದ್ದೆ. ಪೇಪರ್ ಓದ್ಕೊಂಡಿದ್ನೋ ಏನೋ."

ನಾನು ಏನೋ ಹೇಳಿದೆ. ಏನು ಹೇಳಿದೆನೆಂದು ನನಗೇ ನೆನಪಿಲ್ಲ. ಅವರು ನನ್ನ ತುಟಿಯನ್ನು ನೋಡಲಿಲ್ಲ. ಮುಂದಿನ ಗಾಜಿನಾಚೆ ನೋಡುತ್ತಿದ್ದರು.

ದೇವಸ್ಥಾನಕ್ಕೆ ಹೋಗಲಿಲ್ಲ. ಸಾಬರಿಗೆ ಹೇಳಿಕಳಿಸಿದೆವು. ಅವರೇ ಬಂದು ಕಾರನ್ನು ಮನೆಗೆ ತಂದರು. ಇವರು ಮತ್ತೆ ಅದರಲ್ಲಿ ಕೂರಲಿಲ್ಲ. ಆ ವರ್ಷವೇ ಮಾಗಡಿ ಕಡೆಯ, ಹಳೇ ಕಾರಿನ ಆಸೆಯವರೊಬ್ಬರು ಬಂದು ತೆಗೆದುಕೊಂಡು ಹೋದರು. ಸದ್ದು ಜಾಸ್ತಿ, ಪೈಪು ಹಿಂದಕ್ಕೆ ಮಾಡಿಸಿಕೊಳ್ಳುತ್ತೇನೆ ಎಂದು ಅವರು ಹೇಳಿದ್ದನ್ನು ನಾನು ಇವರಿಗೆ ತಿಳಿಸಲಿಲ್ಲ.

ಆಮೇಲೆ ಇವರು ಬಹಳ ವರ್ಷ ಬದುಕಿದರು. ಹಿತ್ತಲಲ್ಲಿ ಕಾರು ನಿಂತಿದ್ದ ಜಾಗದಲ್ಲಿ ಅವರೆ, ಅಲಸಂದೆ ಹಾಕಿದರು. ಸಾಬರು ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದು ಸುಮ್ಮನೆ ಪಕ್ಕದಲ್ಲಿ ಕೂತು ಹೋಗುತ್ತಿದ್ದರು. ತಮ್ಮ ಮಾತು ತಮಗೇ ಕೇಳಿಸದೆ ಇವರು ಮಾತಾಡುವುದೂ ಕಡಿಮೆಯಾಯಿತು. ಬರುಬರುತ್ತಾ ಕೈಸನ್ನೆಯೇ ಹೆಚ್ಚಾಯಿತು, ಆಮೇಲೆ ಅದೂ ಕಡಿಮೆಯಾಯಿತು. ಕಿವಿ ಹೋದದ್ದು ಅವರದು, ಆದರೆ ದನಿಯಿಲ್ಲದ ಮನೆಯಲ್ಲಿ ಇಬ್ಬರೂ ಇದ್ದೆವು.

ನಾನು ಮಾತ್ರ ಮಾತು ಬಿಡಲಿಲ್ಲ. ಬೀದಿಯ ಸುದ್ದಿ, ಯಾರ ರವಿಕೆ ಬಿಗಿಯಾಯಿತು, ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ರೇಟು ಬಿದ್ದಿದ್ದಕ್ಕೆ ಜನ ಏನಂದರು, ಎಲ್ಲ ಹೇಳುತ್ತಿದ್ದೆ. ಅವರು ತುಟಿ ನೋಡುತ್ತಿದ್ದರು. ಅರ್ಥವಾದಾಗ ನಗುತ್ತಿದ್ದರು, ಆಗದಿದ್ದಾಗಲೂ ನಗುತ್ತಿದ್ದರು. ಯಾವುದು ಯಾವ ನಗು ಎಂದು ನನಗೆ ತಿಳಿಯುತ್ತಿತ್ತು.

ಅವರು ಹೋಗಿ ಈಗ ಕೆಲವು ವರ್ಷವಾಯಿತು. ನಾನು ಮಗಳ ಮನೆಯಲ್ಲಿದ್ದೇನೆ. ಈಗಲೂ ನಾನು ಮಾತಾಡುವುದು ಜೋರು. ಎದುರಿಗಿದ್ದವರ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತೇನೆ. "ನಂಗೆ ಕೇಳಿಸ್ತದೆ ಕಣಮ್ಮ, ಯಾಕಿಷ್ಟು ಕೂಗ್ತೀಯ" ಎಂದು ಮಗಳು ಮೊದಮೊದಲು ಹೇಳುತ್ತಿದ್ದಳು. ಈಗ ಹೇಳುವುದಿಲ್ಲ.